ಜಗಲಿಯಿಂದ ಅಡುಗೆಮನೆಯವರೆಗೆ: ಹೊರಗಿನವರ ಕಥೆ ಹೇಳುವ ಚಿತ್ರಗಳಲ್ಲಿ ಯಾವುದನ್ನು ಯಾವಾಗ ನೋಡಬೇಕು

ಮಲೆನಾಡಿನ ಹಳೆಯ ಮನೆಗಳಲ್ಲಿ ಬಂದವರು ಎಲ್ಲಿಯವರೆಗೆ ಬಂದರು ಎಂಬುದರಿಂದಲೇ ಅವರು ಯಾರೆಂದು ತಿಳಿಯುತ್ತಿತ್ತು. ಕೆಲವರು ಬೇಲಿಬಾಗಿಲ ದಣಪೆಯ ಆಚೆಯಿಂದಲೇ ಕೂಗುತ್ತಿದ್ದರು. ಕೆಲವರು ಅಂಗಳದಲ್ಲಿ ನಿಂತೇ ಮಾತು ಮುಗಿಸುತ್ತಿದ್ದರು. ಜಗಲಿ ಹತ್ತಿದವರಿಗೆ ಬೆಲ್ಲ, ನೀರು. ನಂಟರಿಗೆ ನಡುಮನೆಯಲ್ಲಿ ಎಲೆ. ತೀರಾ ನಮ್ಮವರು ಎನಿಸಿದವರಿಗೆ ಅಡುಗೆಮನೆಯ ಒಲೆಯ ಪಕ್ಕದಲ್ಲಿ ಒಂದು ಮಣೆ. ನಾನು ಗದಗ ಜಿಲ್ಲೆಯ ಬಯಲಿನಿಂದ ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದಕ್ಕೆ ಕನ್ನಡ ಮೇಷ್ಟ್ರಾಗಿ ಬಂದ ವರ್ಷ ಇಂಥದೊಂದು ಮನೆಯ ಜಗಲಿಯ ಮೂಲೆಯ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಜೂನ್‌ನಲ್ಲಿ ಹಿಡಿದ ಮಳೆ ದಸರೆಯವರೆಗೂ ಬಿಡಲಿಲ್ಲ. ನನ್ನ ಮಾತಿನ ಧಾಟಿ ಕೇಳಿ ಮಕ್ಕಳು ನಗುತ್ತಿದ್ದರು. ಜೋಳದ ರೊಟ್ಟಿ ಕನಸಿನಲ್ಲಿ ಬರುತ್ತಿತ್ತು. ಶಾಲೆಯ ಹೊರಗೆ ನನ್ನೊಡನೆ ನಾಲ್ಕು ಮಾತಿಗಿಂತ ಹೆಚ್ಚು ಆಡಿದವರಿರಲಿಲ್ಲ. ದೀಪಾವಳಿಯ ಹಿಂದಿನ ದಿನ ಮನೆಯ ಯಜಮಾನಿ, ಊರೆಲ್ಲ ಅಜ್ಜಿ ಎಂದು ಕರೆಯುತ್ತಿದ್ದವರು, "ಮೇಷ್ಟ್ರೇ, ಆ ಥಂಡಿಯಲ್ಲಿ ಒಬ್ಬರೇ ಕೂತು ಏನು ಮಾಡುತ್ತೀರಿ, ಒಳಗೆ ಬನ್ನಿ" ಎಂದು ಒಲೆಯ ಹತ್ತಿರ ಕರೆದರು. ನಾನು ಈ ಊರು ಬಿಟ್ಟು ಹೋಗದೆ ಉಳಿದದ್ದು ಆ ಒಂದು ಕರೆಯಿಂದ.

ಒಂಟಿಯಾದ ಹೊರಗಿನವರು ಇನ್ನೊಂದು ಜೀವದ ಆಸರೆ ಹುಡುಕುವ ಸಿನಿಮಾಗಳನ್ನು ನಾನು ಅಳೆಯುವುದು ಆ ಮನೆಯ ಅಳತೆಗೋಲಿನಿಂದಲೇ. ಚಿತ್ರ ಮುಗಿಯುವ ಹೊತ್ತಿಗೆ ಹೊರಗಿನವರು ಎಲ್ಲಿಯವರೆಗೆ ಬಂದರು? ಬಾಗಿಲು ತೆಗೆದವರು ಯಾರು? ತೆಗೆದದ್ದಕ್ಕೆ ಅವರು ಏನು ತೆತ್ತರು? ಪ್ರಶಸ್ತಿ, ಛಾಯಾಗ್ರಹಣ, ವಿಮರ್ಶೆ ಎಲ್ಲ ಆಮೇಲಿನ ಮಾತು. ಹಳೆಯ ವಿದ್ಯಾರ್ಥಿಗಳು, ಶಿವಮೊಗ್ಗದ ಗೆಳೆಯರು, ಊರಿನ ಯುವಕ ಸಂಘದವರು ಫೋನ್ ಮಾಡಿ "ಇದೋ ಅದೋ, ಯಾವುದನ್ನು ನೋಡಲಿ" ಎಂದು ಕೇಳಿದಾಗ ನಾನು ಈ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆಯೇ ಹೇಳುತ್ತೇನೆ. ಕೇಳಿದವರ ಮನಸ್ಸಿನ ಸ್ಥಿತಿಯನ್ನೂ ನೋಡುತ್ತೇನೆ. ಊರು ಬಿಟ್ಟು ಬೆಂಗಳೂರಿಗೆ ಹೋಗಿ ಕೋಣೆಯಲ್ಲಿ ಒಬ್ಬನೇ ಇರುವ ಹುಡುಗನಿಗೂ, ಮಕ್ಕಳೆಲ್ಲ ಹೊರಗೆ ಹೋದ ಮೇಲೆ ತೋಟದ ಮನೆಯಲ್ಲಿ ಇಬ್ಬರೇ ಉಳಿದ ದಂಪತಿಗೂ ಒಂದೇ ಚಿತ್ರ ಹೊಂದುವುದಿಲ್ಲ.

ಮೊದಲು ಮಳೆ ಮತ್ತು ಅಡಿಕೆಯ ಮಾತು

ನಾವು ತಿಂಗಳಿಗೊಂದು ಶನಿವಾರ ಅಡಿಕೆ ಶೆಡ್ಡಿನಲ್ಲಿ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್‌ನಲ್ಲಿ ಚಿತ್ರ ತೋರಿಸುತ್ತೇವೆ. ಈ ಭಾಗದಲ್ಲಿ ಇದೇನೂ ಹೊಸದಲ್ಲ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲೇ ಚಿತ್ರಸಮಾಜ ಕಟ್ಟಿ ಜಗತ್ತಿನ ಸಿನಿಮಾಗಳನ್ನು ಹಳ್ಳಿಯವರ ಮುಂದಿಟ್ಟಿತ್ತು. ಬೇರೆ ದೇಶದ, ಬೇರೆ ಭಾಷೆಯ ಚಿತ್ರ ತೋಟದಲ್ಲಿ ದುಡಿಯುವವರಿಗೆ ತಿಳಿಯುವುದಿಲ್ಲ ಎಂಬ ಮಾತು ಸುಳ್ಳೆಂದು ಆಗಲೇ ರುಜುವಾಗಿದೆ. ಆದರೆ ಯಾವ ಚಿತ್ರಕ್ಕೆ ಯಾವ ಹೊತ್ತು ಎಂಬುದನ್ನು ನಾವು ತಪ್ಪು ಮಾಡಿಯೇ ಕಲಿತೆವು.

ಆಷಾಢದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಮೌನವೇ ಮಾತಾಡುವ ಚಿತ್ರಗಳನ್ನು ಹಾಕಬೇಡಿ. ನಿಟ್ಟುಸಿರು, ಹೆಜ್ಜೆಯ ಸದ್ದು, ದೂರದ ರೈಲಿನ ಕೂಗು ಯಾವುದೂ ಕೇಳುವುದಿಲ್ಲ, ಅವಿಲ್ಲದೆ ಆ ಚಿತ್ರಗಳಲ್ಲಿ ಉಳಿಯುವುದು ಅರ್ಧ. ಹಾಗೆಯೇ ಕೊಯ್ಲಿನ ಕಾಲದಲ್ಲಿ ಎಲ್ಲರೂ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತ ನೋಡುವ ರಾತ್ರಿಗಳಿರುತ್ತವೆ. ಆಗ ಕಣ್ಣು ಕತ್ತಿಯ ಮೇಲಿರುತ್ತದೆ, ತೆರೆಯ ಅಡಿಬರಹ ಓದಲು ಆಗುವುದಿಲ್ಲ. ಆ ರಾತ್ರಿಗಳಿಗೆ ಕಿವಿಯಿಂದಲೇ ಹಿಂಬಾಲಿಸಬಹುದಾದ ಕನ್ನಡ ಚಿತ್ರ ಬೇಕು. ಕರೆಂಟು ಹೋಗುವುದು ಹೇಗೂ ಇದ್ದದ್ದೇ, ಚಿತ್ರವನ್ನು ಮೊದಲೇ ಇಳಿಸಿಟ್ಟುಕೊಂಡು ಯುಪಿಎಸ್ ತುಂಬಿಸಿಕೊಳ್ಳಿ.

ಘಟಶ್ರಾದ್ಧವೋ, ಮುಸ್ತಾಫನೋ

ಎರಡೂ ಮಲೆನಾಡಿನ ಕಥೆಗಳು. ಎರಡರ ಬೇರೂ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿದವರಲ್ಲಿದೆ. 1977ರ 'ಘಟಶ್ರಾದ್ಧ' ಯು.ಆರ್. ಅನಂತಮೂರ್ತಿಯವರ ಕಥೆ, ಕೆಸಲೂರಿನ ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, ಸ್ವರ್ಣಕಮಲ ಪಡೆದದ್ದು. 2023ರ 'ಡೇರ್‌ಡೆವಿಲ್ ಮುಸ್ತಾಫಾ' ಕುಪ್ಪಳಿಯಲ್ಲಿ ಹುಟ್ಟಿದ ತೇಜಸ್ವಿಯವರ ಕಥೆ, ಶಶಾಂಕ್ ಸೋಗಾಲ್ ನಿರ್ದೇಶನ. ತೇಜಸ್ವಿಯವರ ಓದುಗರೇ ಹಣ ಹಾಕಿ ಮಾಡಿಸಿದ ಚಿತ್ರ. ನಡುವೆ ನಲವತ್ತಾರು ವರ್ಷ. ಒಂದೇ ನೆಲದ ಈ ಎರಡು ಚಿತ್ರಗಳು ನಮ್ಮ ಮೂರು ಪ್ರಶ್ನೆಗಳಿಗೆ ಕೊಡುವ ಉತ್ತರಗಳು ಎದುರುಬದುರು ನಿಲ್ಲುತ್ತವೆ.

ಘಟಶ್ರಾದ್ಧದಲ್ಲಿ ನಾಣಿ ಎಂಬ ಚಿಕ್ಕ ಹುಡುಗ ವೇದ ಕಲಿಯಲು ಉಡುಪರ ಪಾಠಶಾಲೆಗೆ ಬರುತ್ತಾನೆ. ಮನೆ ನೆನಪಾಗಿ ಅಳುವ ಅವನನ್ನು ಹತ್ತಿರ ಕರೆಯುವವಳು ಉಡುಪರ ವಿಧವೆ ಮಗಳು ಯಮುನಕ್ಕ. ಇಲ್ಲಿ ಗಮನಿಸಬೇಕಾದದ್ದು, ಹೊರಗಿನವನನ್ನು ಒಳಗೆ ಕರೆದುಕೊಳ್ಳುವವಳೇ ಆ ಮನೆಯಲ್ಲಿ ಎಲ್ಲರಿಗಿಂತ ಹೊರಗಿನವಳು. ಅವಳು ಬಸಿರಾಗಿರುವುದು ಅಗ್ರಹಾರಕ್ಕೆ ಗೊತ್ತಾದ ಮೇಲೆ ಎಲ್ಲವೂ ಹಿಂದುಮುಂದಾಗುತ್ತದೆ: ಆಗ ಅವಳಿಗೆ ಕಾವಲು ನಿಲ್ಲುವವನು ಆ ಪುಟ್ಟ ಹುಡುಗ. ಕೊನೆಗೆ ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಗಡಿಗೆ ಒಡೆಯುತ್ತಾನೆ. ಜಗಲಿ, ಅಂಗಳ, ದಣಪೆ ಎಲ್ಲ ದಾಟಿ ಅವಳು ಊರಿನ ಆಚೆಗೆ ಬೀಳುತ್ತಾಳೆ. ಮೀನಾ ಕುಟ್ಟಪ್ಪ ಮಾಡಿದ ಯಮುನೆಯ ಮುಖ ನೋಡಿದವರು ಮರೆಯುವುದಿಲ್ಲ. ನಾಣಿಯಾದ ಅಜಿತ್ ಕುಮಾರ್ ನೋಡುವ ನೋಟವೇ ಚಿತ್ರದ ಬೆನ್ನೆಲುಬು, ಏಕೆಂದರೆ ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ, ನಾವೂ ಅವನ ಎತ್ತರದಲ್ಲೇ ಕೂತು ನೋಡಬೇಕಾಗುತ್ತದೆ.

ಈ ಚಿತ್ರವನ್ನು ಹಿಂದೆ ಮಸುಕು ಪ್ರತಿಯಲ್ಲಿ ನೋಡಿ ಬೇಸರಪಟ್ಟವರಿದ್ದೀರಿ, ನಾನೂ ಹಾಗೆಯೇ ನೋಡಿದ್ದೆ. ಕಾಡಿನ ಕತ್ತಲ ದೃಶ್ಯಗಳಲ್ಲಿ ಬರೀ ಕಪ್ಪು ಕಾಣುತ್ತಿತ್ತು. ಈಗ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಇದನ್ನು ಪುನರುದ್ಧಾರ ಮಾಡಿವೆ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ತೆರೆ ಕಂಡಿತು. ಕಾಯುವುದಾದರೂ ಸರಿ, ಆ ಪ್ರತಿಯಲ್ಲೇ ನೋಡಿ. ಹಗಲು ನೋಡಬೇಡಿ. ಮೊಬೈಲ್‌ನಲ್ಲಂತೂ ಬೇಡವೇ ಬೇಡ.

ಮುಸ್ತಾಫನ ಬಾಗಿಲು ಬೇರೆ. ಅಬಚೂರಿನ ಕಾಲೇಜಿನ ತರಗತಿಗೆ ಮೊದಲ ಬಾರಿಗೆ ಒಬ್ಬ ಮುಸ್ಲಿಂ ಹುಡುಗ ಬಂದು ಕೂರುತ್ತಾನೆ. ಉಳಿದವರಿಗೆ ಅವನ ಬಗ್ಗೆ ಇರುವುದೆಲ್ಲ ಕೇಳಿದ ಮಾತು. ಜಗಳ, ಪಂದ್ಯ, ಕಿತಾಪತಿಗಳ ನಡುವೆ ಆ ಕೇಳಿದ ಮಾತುಗಳು ಒಂದೊಂದಾಗಿ ಉದುರುತ್ತವೆ. ಇಲ್ಲಿ ಬಾಗಿಲು ತೆಗೆಯುವವರು ಒಬ್ಬರಲ್ಲ, ಒಂದು ಗುಂಪು. ಅದಕ್ಕೆ ಅವರು ತೆತ್ತದ್ದೂ ಹೆಚ್ಚಲ್ಲ, ಸ್ವಲ್ಪ ಜಂಬ ಮಾತ್ರ. ಹದಿನೈದು, ಹದಿನಾರರ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕನ್ನಡ ಚಿತ್ರ ನನಗೆ ಕಂಡಿಲ್ಲ. ಅಡಿಕೆ ಸುಲಿಯುವ ರಾತ್ರಿಗೂ ಇದೇ ಸರಿ. ಮಾತಿನ ಓಘದಲ್ಲೇ ಕಥೆ ಸಾಗುತ್ತದೆ.

ಹಾಗಾದರೆ ಯಾವುದು? ಮಕ್ಕಳೊಂದಿಗೆ, ಗುಂಪಿನಲ್ಲಿ, ಮೊದಲ ಸಲ ಇಂಥ ಚಿತ್ರ ನೋಡುವವರೊಂದಿಗೆ ಇದ್ದರೆ ಮುಸ್ತಾಫಾ. ಒಬ್ಬರೇ ಅಥವಾ ಇಬ್ಬರೇ ಇದ್ದು, ಮರುದಿನ ಬೆಳಿಗ್ಗೆ ಬೇಗ ಏಳುವ ಕೆಲಸವಿಲ್ಲದಿದ್ದರೆ ಘಟಶ್ರಾದ್ಧ. ಎರಡನ್ನೂ ಒಂದೇ ದಿನ ಹಾಕಬಾರದು. ನಾವು ಒಮ್ಮೆ ಹಾಗೆ ಮಾಡಿದೆವು, ಘಟಶ್ರಾದ್ಧದ ಮೇಲೆ ಮುಸ್ತಾಫಾ ಬಂದಾಗ ಯಾರಿಗೂ ನಗಲಾಗಲಿಲ್ಲ.

ಮುಸ್ತಾಫಾ ಕಥೆ ಬಂದ 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲೇ 'ತಬರನ ಕಥೆ'ಯೂ ಇದೆ ಎಂಬುದನ್ನು ಮರೆಯಬೇಡಿ. ಕಾಸರವಳ್ಳಿಯವರ 1986ರ ಆ ಚಿತ್ರದಲ್ಲಿ ನಿವೃತ್ತ ಜವಾನ ತಬರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಹೆಂಡತಿಯ ಕಾಲು ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿರುತ್ತದೆ. ಬಾಗಿಲು ತೆಗೆಯಬೇಕಾದದ್ದು ಇಲ್ಲಿ ಮನುಷ್ಯರಲ್ಲ, ಸರ್ಕಾರ. ಚಾರುಹಾಸನ್‌ಗೆ ರಾಷ್ಟ್ರಪ್ರಶಸ್ತಿ ತಂದ ಅಭಿನಯ. ಪಿಂಚಣಿ, ಪಹಣಿ, ಪರಿಹಾರ ಎಂದು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದವರಿಗೆ ಈ ಚಿತ್ರದ ಒಂದೊಂದು ದೃಶ್ಯವೂ ಪರಿಚಿತ.

ಮಗುವಿನ ಕಣ್ಣಿನಿಂದ ನೋಡುವ ಈಚಿನ ಚಿತ್ರ ಬೇಕೆಂದರೆ ಸುಮಂತ್ ಭಟ್ಟರ 'ಮಿಥ್ಯ' ಇದೆ. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಹನ್ನೊಂದರ ಹುಡುಗ ಮುಂಬೈನಿಂದ ಉಡುಪಿಯ ಕಡೆ ಚಿಕ್ಕಮ್ಮನ ಮನೆಗೆ ಬರುತ್ತಾನೆ. ಇಲ್ಲಿ ಬಾಗಿಲು ಮೊದಲ ದಿನದಿಂದಲೇ ತೆರೆದಿದೆ. ಒಳಗೆ ಬರಲು ಹುಡುಗನ ಮನಸ್ಸು ಒಪ್ಪಬೇಕು. ಹುಡುಗನಾದ ಆತಿಶ್ ಶೆಟ್ಟಿ ಹೆಚ್ಚು ಮಾತಾಡುವುದಿಲ್ಲ, ಅವನ ಮುಖವೇ ಕಥೆ. ಮಗುವಿನ ಚಿತ್ರವೆಂದು ಮಕ್ಕಳಿಗೆ ತೋರಿಸಲು ಹೋಗಬೇಡಿ, ತಾಯಿಯ ಸಾವಿನ ಸಂಗತಿ ಭಾರವಾದದ್ದು. ಮಕ್ಕಳನ್ನು ಬೆಳೆಸುವ ದೊಡ್ಡವರು ನೋಡಬೇಕಾದ ಚಿತ್ರ.

ನೀರು ಸುತ್ತಿದ ಇಬ್ಬರು ಹೆಂಗಸರು

'ದ್ವೀಪ' ಮತ್ತು 'ಗುಲಾಬಿ ಟಾಕೀಸ್' ನಡುವೆ ಆರಿಸುವುದು ಕಷ್ಟ ಎನ್ನುವವರು ಬಹಳ. ಎರಡೂ ಕಾಸರವಳ್ಳಿಯವರದ್ದೇ, ಎರಡರಲ್ಲೂ ನೀರು ಸುತ್ತಿದ ನೆಲ, ಎರಡರಲ್ಲೂ ನಡುವೆ ನಿಂತ ಒಬ್ಬಳು ಹೆಂಗಸು.

'ದ್ವೀಪ' ಸಾಗರದ ನಾ. ಡಿಸೋಜ ಅವರ ಕಾದಂಬರಿ. ಅಣೆಕಟ್ಟಿನ ನೀರು ಏರುತ್ತ ಏರುತ್ತ ಸೀತಾಪರ್ವತ ದ್ವೀಪವಾಗುತ್ತದೆ. ಉಳಿದವರೆಲ್ಲ ಪರಿಹಾರ ತೆಗೆದುಕೊಂಡು ಹೋದ ಮೇಲೆ ಗಣಪಯ್ಯ ಮತ್ತು ನಾಗಿ ಉಳಿಯುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಎದ್ದ ಮೇಲೆ ಶರಾವತಿಯ ಎರಡೂ ದಂಡೆಯವರು ಮುಳುಗಡೆಯವರು ಎಂಬ ಹೆಸರು ಹೊತ್ತು ಬೇರೆ ಬೇರೆ ಊರುಗಳಿಗೆ ಹೋದರು. ಹೋದಲ್ಲೆಲ್ಲ ಅವರು ಹೊರಗಿನವರೇ. ಹೊಸನಗರ, ಸಾಗರದ ಮನೆಗಳಲ್ಲಿ ಇಂದಿಗೂ ಹಿರಿಯರು ನೀರಿನಡಿಯ ಊರುಗಳ ಹೆಸರನ್ನು ವಿಳಾಸದಂತೆ ಹೇಳುತ್ತಾರೆ. ಅಂಥ ಮನೆಗಳಲ್ಲಿ ಈ ಚಿತ್ರ ತೋರಿಸುವುದಾದರೆ ಮುಗಿದ ಮೇಲೆ ಒಂದು ಗಂಟೆ ಬಿಡುವು ಇಟ್ಟುಕೊಳ್ಳಿ. ಜನ ಎದ್ದು ಹೋಗುವುದಿಲ್ಲ, ಮಾತಾಡುತ್ತಾರೆ.

ಆದರೆ ಒಂಟಿತನದ ಚಿತ್ರವಾಗಿ ದ್ವೀಪದ ಬಲ ಇರುವುದು ಮುಳುಗಡೆಯಲ್ಲಿ ಮಾತ್ರವಲ್ಲ. ಅತಿಥಿಯಾಗಿ ಬರುವ ಕೃಷ್ಣನೊಂದಿಗೆ ನಾಗಿ ನಗುವುದನ್ನು ಗಂಡ ಸಹಿಸುವುದಿಲ್ಲ. ಸುತ್ತ ನೀರು, ಒಳಗೆ ಅನುಮಾನ. ಬಾಗಿಲು ತೆಗೆದಿಟ್ಟವಳು ನಾಗಿ, ಬೆಲೆ ತೆತ್ತವಳೂ ಅವಳೇ. ಆ ಮಳೆಯ ರಾತ್ರಿ ಮನೆ ಉಳಿಸಿದ್ದೂ ಅವಳೇ, ಆದರೆ ಕೀರ್ತಿ ಹೋಗುವುದು ದೇವರಿಗೆ. ನಾಗಿಯಾದ ಸೌಂದರ್ಯ ಆಗ ದೊಡ್ಡ ತಾರೆ. ಆ ಹೊಳಪನ್ನೆಲ್ಲ ತೆಗೆದಿಟ್ಟು ತಾನೇ ನಿರ್ಮಾಪಕಿಯಾಗಿ ಈ ಚಿತ್ರ ಮಾಡಿದರು. ಎಚ್.ಎಂ. ರಾಮಚಂದ್ರ ಹಿಡಿದ ಮಳೆ ನಮ್ಮ ಮಳೆಯೇ, ಅದರ ತಣ್ಣನೆಯ ಬೂದುಬಣ್ಣವೂ ನಮ್ಮದೇ. ಛಾಯಾಗ್ರಹಣಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವಾದದ್ದು.

2008ರ 'ಗುಲಾಬಿ ಟಾಕೀಸ್' ಘಟ್ಟದ ಕೆಳಗಿನದು, ಕುಂದಾಪುರದ ಕಡೆಯ ಕುದ್ರುವಿನ, ಅಂದರೆ ನಡುಗಡ್ಡೆಯ, ಕಥೆ. ವೈದೇಹಿಯವರ ಕಥೆಯನ್ನು ನಿರ್ದೇಶಕರು ಬಹಳ ಬದಲಿಸಿಕೊಂಡಿದ್ದಾರೆ. ಗಂಡ ಬಿಟ್ಟ ಗುಲಾಬಿ ಮುಸ್ಲಿಂ ಸೂಲಗಿತ್ತಿ. ನನ್ನ ಅಳತೆಗೋಲು ಸೋಲುವ ಒಂದೇ ಚಿತ್ರ ಇದು, ಅದಕ್ಕೇ ನನಗೆ ಇದರ ಮೇಲೆ ಹೆಚ್ಚು ಪ್ರೀತಿ. ಹೆರಿಗೆಯ ಹೊತ್ತಿನಲ್ಲಿ ಅವಳು ಯಾವ ಮನೆಯ ಅತ್ಯಂತ ಒಳಗಿನ ಕೋಣೆಗೂ ಹೋಗಬಲ್ಲಳು. ಮಗು ಹುಟ್ಟಿದ ಮರುದಿನ ಅದೇ ಮನೆಯ ಜಗಲಿಗೂ ಅವಳನ್ನು ಕರೆಯುವುದಿಲ್ಲ. ಅಂಥವಳಿಗೆ ಡಿಶ್ ಆಂಟೆನಾ ಸಮೇತ ಒಂದು ಬಣ್ಣದ ಟಿವಿ ಉಡುಗೊರೆಯಾಗಿ ಬರುತ್ತದೆ. ಗಂಡಸರು ಕಡಲಿಗೆ ಹೋದ ಹೊತ್ತಿನಲ್ಲಿ ಕುದ್ರುವಿನ ಹೆಂಗಸರು ಅವಳ ಮನೆಗೆ ಬರತೊಡಗುತ್ತಾರೆ. ಬೇರೆಯವರ ಬಾಗಿಲು ತಟ್ಟಿ ತಟ್ಟಿ ದಣಿದವಳು ತನ್ನ ಬಾಗಿಲನ್ನೇ ತೆರೆದಿಡುತ್ತಾಳೆ! ಇಡೀ ಪಟ್ಟಿಯಲ್ಲಿ ಹೊರಗಿನವಳೇ ಯಜಮಾನಿಯಾಗುವುದು ಇದೊಂದರಲ್ಲಿ. ಆಮೇಲೆ ಮೀನುಗಾರಿಕೆಯ ಪೈಪೋಟಿ, ಕಾರ್ಗಿಲ್ ಯುದ್ಧದ ಕಾಲದ ಕೋಮು ಸಂಶಯ ಎಲ್ಲ ಸೇರಿ ಆ ಮನೆಯನ್ನು ಏನು ಮಾಡುತ್ತವೆ ಎಂಬುದನ್ನು ನೋಡಿಯೇ ತಿಳಿಯಬೇಕು. ಉಮಾಶ್ರೀಯವರನ್ನು ಹಾಸ್ಯದ ಪಾತ್ರಗಳಲ್ಲಷ್ಟೇ ನೋಡಿದವರು ಇಲ್ಲಿ ಅವರನ್ನು ಹೊಸದಾಗಿ ಕಾಣುತ್ತಾರೆ. ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಇದಕ್ಕೇ ಬಂತು.

ಹೆಂಗಸರ ಗುಂಪು ಒಟ್ಟಿಗೆ ನೋಡುವುದಾದರೆ ನಾನು ಎರಡನೆಯ ಯೋಚನೆ ಇಲ್ಲದೆ ಗುಲಾಬಿ ಟಾಕೀಸ್ ಎನ್ನುತ್ತೇನೆ. ಸ್ತ್ರೀಶಕ್ತಿ ಸಂಘದವರು ನೋಡಿದ ದಿನ ನಮ್ಮ ಶೆಡ್ಡಿನಲ್ಲಿ ಇದ್ದ ಗದ್ದಲ, ನಗು, ಕೊನೆಯ ಇಪ್ಪತ್ತು ನಿಮಿಷದ ಮೌನ ನನಗೆ ಇನ್ನೂ ನೆನಪಿದೆ. ಗಂಡ ಹೆಂಡತಿ ಇಬ್ಬರೇ ಕೂತು ನೋಡುವುದಾದರೆ ದ್ವೀಪ.

ಪೆಡ್ರೊ

ನಟೇಶ್ ಹೆಗ್ಡೆಯವರ 'ಪೆಡ್ರೊ' 2021ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡಿತು. ಉತ್ತರ ಕನ್ನಡದ ಘಟ್ಟದ ಹಳ್ಳಿ, ಅಲ್ಲೊಬ್ಬ ನಡುವಯಸ್ಸಿನ ಕ್ರೈಸ್ತ ಎಲೆಕ್ಟ್ರಿಷಿಯನ್. ಆ ಪಾತ್ರ ಮಾಡಿದವರು ನಿರ್ದೇಶಕರ ತಂದೆ ಗೋಪಾಲ ಹೆಗ್ಡೆ. ಪೆಡ್ರೊ ಎಲ್ಲರ ಮನೆಗೂ ಬೆಳಕು ಕೊಡುವವನು, ಯಾರ ಮನೆಯೊಳಗೂ ಇಲ್ಲದವನು. ಕಾಡುಹಂದಿ ಬರದಂತೆ ತೋಟ ಕಾಯಲು ಹೋದವನ ಕೈಯಿಂದ ಅಕಸ್ಮಾತ್ತಾಗಿ ಒಂದು ಹಸು ಸತ್ತ ಮೇಲೆ ಅಂಗಳವೂ ಮುಚ್ಚುತ್ತದೆ, ರಸ್ತೆಯೂ ಮುಚ್ಚುತ್ತದೆ.

ಈ ಚಿತ್ರದಲ್ಲಿ ಕೆಟ್ಟವರೆಂದು ಬೆರಳು ತೋರಿಸಲು ಒಬ್ಬರೂ ಸಿಗುವುದಿಲ್ಲ. ಅದೇ ಇದರ ಕಾಠಿಣ್ಯ. ಮಾತು ಕಡಿಮೆ, ಮಳೆ ಹೆಚ್ಚು, ಕ್ಯಾಮೆರಾ ದೂರದಲ್ಲಿ ನಿಂತು ನೋಡುತ್ತದೆ. ಸಂಬಂಧ ಸಿಗುತ್ತದೆಯೇ ಎಂದು ಹುಡುಕುತ್ತ ಹೊರಟರೆ ಬರಿಗೈಯಲ್ಲಿ ಬರುತ್ತೀರಿ. ಮನಸ್ಸು ಕುಗ್ಗಿರುವ ದಿನಗಳಲ್ಲಿ, ಒಬ್ಬರೇ ಇರುವಾಗ ಇದನ್ನು ನೋಡಬೇಡಿ ಎಂದು ನಾನು ಕೈ ಹಿಡಿದು ಹೇಳುತ್ತೇನೆ. ಊರು ಎಂದರೆ ಒಬ್ಬರಿಗೊಬ್ಬರು ಆಗುವವರು ಎಂಬ ನಂಬಿಕೆ ಗಟ್ಟಿಯಾಗಿರುವವರು ಮಾತ್ರ ಖಂಡಿತ ನೋಡಬೇಕು.

ಪೆಡ್ರೊ ಭಾರವೆನಿಸಿದವರಿಗೆ ಬಿ.ಎಸ್. ಲಿಂಗದೇವರು ಅವರ 'ನಾನು ಅವನಲ್ಲ... ಅವಳು'. ಟ್ರಾನ್ಸ್‌ಜೆಂಡರ್ ಮಹಿಳೆ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ ಚಿತ್ರ. ಹುಟ್ಟಿದ ಮನೆ ಹೊರಗಿಟ್ಟವಳಿಗೆ ಹೊರಗಿನವರೇ ಕಟ್ಟಿಕೊಂಡ ಇನ್ನೊಂದು ಮನೆ ಸಿಗುತ್ತದೆ. ಆ ಮನೆಗೂ ಅದರದ್ದೇ ಕಟ್ಟುಪಾಡು, ಅದರದ್ದೇ ನೋವು. ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ಸಂಚಾರಿ ವಿಜಯ್ ಇದಕ್ಕಾಗಿ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದರು. 2021ರಲ್ಲಿ ಅಪಘಾತದಲ್ಲಿ ಹೋದ ಅವರನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಇನ್ನೂ ಹಗುರಾದದ್ದು ಬೇಕೆಂದರೆ ರಾಜ್ ಬಿ. ಶೆಟ್ಟಿಯವರ 2017ರ 'ಒಂದು ಮೊಟ್ಟೆಯ ಕಥೆ': ತಲೆಕೂದಲಿಲ್ಲದ ಮಂಗಳೂರಿನ ಕನ್ನಡ ಉಪನ್ಯಾಸಕನ ವಧು ಹುಡುಕಾಟ. ನಗುತ್ತ ನೋಡಬಹುದು, ಒಳಗೆ ತಣ್ಣಗಿನ ಒಂಟಿತನವಿದೆ.

ಹೊರಗಿನ ನಾಲ್ಕು

ಅರಸಾಳಿನ ಹಳೆಯ ರೈಲು ನಿಲ್ದಾಣ ನೋಡಿದ್ದೀರಲ್ಲ? ಶಂಕರ್ ನಾಗ್ ಮಾಲ್ಗುಡಿಯ ಚಿತ್ರೀಕರಣ ಮಾಡಿದ, ಈಗ ವಸ್ತುಸಂಗ್ರಹಾಲಯವಾಗಿರುವ ಪುಟ್ಟ ಕಟ್ಟಡ. ಅಂಥದೇ ಪಾಳುಬಿದ್ದ ನಿಲ್ದಾಣವೊಂದು ಒಬ್ಬನಿಗೆ ಉಯಿಲಿನಲ್ಲಿ ಬರುತ್ತದೆ ಎಂದುಕೊಳ್ಳಿ. ಟಾಮ್ ಮೆಕಾರ್ಥಿಯ 2003ರ 'ದಿ ಸ್ಟೇಷನ್ ಏಜೆಂಟ್' ಶುರುವಾಗುವುದು ಅಲ್ಲಿಂದ. ಕುಳ್ಳ ದೇಹದ ಫಿನ್‌ಗೆ (ಪೀಟರ್ ಡಿಂಕ್ಲೇಜ್) ಜನರ ನೋಟ ಸಾಕಾಗಿದೆ. ರೈಲುಗಳ ಮೇಲಷ್ಟೇ ಪ್ರೀತಿ. ನ್ಯೂಜೆರ್ಸಿಯ ಹಳ್ಳಿಯ ಆ ನಿಲ್ದಾಣದಲ್ಲಿ ಒ‌ಬ್ಬನೇ ಇರಲು ಬರುತ್ತಾನೆ. ಎದುರಿಗೆ ಕಾಫಿ ಗಾಡಿ ಇಟ್ಟ ಜೋ ಬಿಡುವುದಿಲ್ಲ. ಮಗನನ್ನು ಕಳೆದುಕೊಂಡ ಒಲಿವಿಯಾ ಸೇರುತ್ತಾಳೆ. ಮೂವರೂ ಹಳಿಯ ಮೇಲೆ ನಡೆಯುತ್ತಾರೆ, ಅಷ್ಟೇ. ಜೋ ದಿನವೂ ಕರೆಯುವ ಹಟ ನನಗೆ ಮಲೆನಾಡಿನ ಉಪಚಾರವನ್ನೇ ನೆನಪಿಸುತ್ತದೆ: ಬೇಡ ಎಂದವರಿಗೇ ಇನ್ನೊಂದು ಲೋಟ ಕಾಫಿ. ಈ ಬಗೆಯ ಚಿತ್ರಗಳಿಗೆ ಹೊಸಬರಾದರೆ, ಮನಸ್ಸು ಸೋತಿದ್ದರೆ, ಒಬ್ಬರೇ ಇದ್ದರೆ ಮೊದಲು ಇದನ್ನೇ ನೋಡಿ.

ಇದರ ಪಕ್ಕದಲ್ಲಿ ಎಲ್ಲರೂ ಹೆಸರಿಸುವುದು ರಿತೇಶ್ ಬಾತ್ರಾ ಅವರ 2013ರ 'ದಿ ಲಂಚ್‌ಬಾಕ್ಸ್'. ಮುಂಬೈಯಲ್ಲಿ ತಪ್ಪು ವಿಳಾಸಕ್ಕೆ ಹೋದ ಊಟದ ಡಬ್ಬಿಯ ಮೂಲಕ ಚೀಟಿ ಬರೆದುಕೊಳ್ಳುವ ಸಾಜನ್ ಮತ್ತು ಇಳಾ. ಎಲ್ಲರೂ ಅವರಿಬ್ಬರ ಬಗ್ಗೆ ಮಾತಾಡುತ್ತಾರೆ. ನನಗೆ ಹೆಚ್ಚು ಕಾಡುವವನು ಸಾಜನ್‌ನ ಕಚೇರಿಗೆ ಹೊಸದಾಗಿ ಬಂದ ಶೇಖ್. "ಅಮ್ಮ ಹೇಳುತ್ತಿದ್ದರು" ಎಂದು ಮಾತುಮಾತಿಗೆ ಹೇಳುವ ಅವನು ಅನಾಥ. ಅಮ್ಮನ ಮಾತೆಂದರೆ ತೂಕ ಬರುತ್ತದೆ ಎಂದು ಹಾಗೆ ಹೇಳುತ್ತಾನೆ. ಬಾಗಿಲು ಮುಚ್ಚಿಕೊಂಡ ಸಾಜನ್‌ನನ್ನು ಮನೆಗೆ ಊಟಕ್ಕೆ ಕರೆಯುವವನೂ ಅವನೇ. ಹಿಂದಿ ತಿಳಿದವರಿಗೆ ಅಡಿಬರಹದ ತೊಡಕಿಲ್ಲ. ತೋಟದ ಕೆಲಸಕ್ಕೆ ಅಸ್ಸಾಂ, ಬಿಹಾರದಿಂದ ಬಂದ ಹುಡುಗರು ನಿಮ್ಮ ಊರಿನಲ್ಲೂ ಇದ್ದರೆ ಅವರನ್ನು ಕರೆದು ತೋರಿಸಬೇಕಾದ ಚಿತ್ರ ಇದು. ನಮ್ಮಲ್ಲಿ ಅವರು ಮೊದಲ ಬಾರಿಗೆ ಶೆಡ್ಡಿನ ಒಳಗೆ ಬಂದು ಕೂತದ್ದು ಆ ರಾತ್ರಿ.

ಕೆಲ್ಲಿ ರೈಕಾರ್ಟ್ ಅವರ 2008ರ 'ವೆಂಡಿ ಅಂಡ್ ಲೂಸಿ' ಎಂಬತ್ತೇ ನಿಮಿಷದ್ದು. ಕೆಲಸ ಹುಡುಕಿ ಅಲಾಸ್ಕಕ್ಕೆ ಹೊರಟ ಹುಡುಗಿ, ಅವಳ ನಾಯಿ, ದಾರಿಯಲ್ಲಿ ಕೆಟ್ಟು ನಿಂತ ಕಾರು. ಆ ಊರಿನಲ್ಲಿ ಅವಳನ್ನು ಮನುಷ್ಯಳೆಂದು ಕಾಣುವವನು ಒಬ್ಬ ಮುದಿ ಕಾವಲುಗಾರ ಮಾತ್ರ. ಕೊನೆಗೆ ಅವನು ಅವಳ ಕೈಗಿಡುವುದು ಕೆಲವೇ ಡಾಲರ್. ಬಾಗಿಲು ಒಂದು ಗೇಣು ತೆರೆದು ಮುಚ್ಚುತ್ತದೆ. ಮಳೆಗಾಲದಲ್ಲಿ ಬೇಡ, ಮಾಘದ ನಿಶ್ಶಬ್ದ ರಾತ್ರಿಗಿಟ್ಟುಕೊಳ್ಳಿ. ನಾಯಿ ಸಾಕಿದವರು ಒಬ್ಬರೇ ನೋಡದಿರುವುದು ಒಳ್ಳೆಯದು.

ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು ನಾಲ್ಕನೆಯದು, ಇಡೀ ಪಟ್ಟಿಯಲ್ಲಿ ನಾನು ಅತಿ ಹೆಚ್ಚು ಸಲ ನೋಡಿದ್ದೂ ಅದೇ. ಜರ್ಮನಿಯ ಫಾಸ್‌ಬಿಂಡರ್ 1974ರಲ್ಲಿ, ಎರಡು ವಾರದಷ್ಟು ಚಿತ್ರೀಕರಣದಲ್ಲಿ ಮುಗಿಸಿದ 'ಅಲಿ: ಫಿಯರ್ ಈಟ್ಸ್ ದ ಸೋಲ್'. ಮ್ಯೂನಿಕ್‌ನಲ್ಲಿ ಮನೆಗಳ ಕಸ ಗುಡಿಸುವ ಅರವತ್ತರ ವಿಧವೆ ಎಮ್ಮಿ ಮಳೆ ಬಂತೆಂದು, ಒಳಗಿನಿಂದ ಕೇಳಿದ ಪರದೇಶದ ಹಾಡಿನ ಕುತೂಹಲಕ್ಕೆಂದು ಒಂದು ಬಾರಿನೊಳಗೆ ಹೆಜ್ಜೆ ಇಡುತ್ತಾಳೆ. ಅಲ್ಲಿ ಮೊರಾಕ್ಕೊದಿಂದ ದುಡಿಯಲು ಬಂದ ಅಲಿ. ಅವಳನ್ನು ಮನೆ ಮುಟ್ಟಿಸಲು ಬಂದವನಿಗೆ ಅವಳು ಹೇಳುವುದು ಇಷ್ಟೇ, ಮಳೆ ಬರುತ್ತಿದೆ, ಮೇಲೆ ಬಂದು ಕಾಫಿ ಕುಡಿದು ಹೋಗು. ಇಬ್ಬರೂ ಮದುವೆಯಾಗುತ್ತಾರೆ. ಮಗ ಟಿವಿಗೆ ಒದೆಯುತ್ತಾನೆ, ನೆರೆಯವರು ಮಾತು ಬಿಡುತ್ತಾರೆ, ಕಿರಾಣಿ ಅಂಗಡಿಯವನು ಸಾಮಾನು ಕೊಡುವುದಿಲ್ಲ.

ಬೇರೆ ಚಿತ್ರಗಳು ಇಲ್ಲಿಗೆ ನಿಲ್ಲುತ್ತವೆ, ಹೊರಗಿನವನು ಒಳಗೆ ಬಂದ, ಊರು ಒಪ್ಪಲಿಲ್ಲ ಎಂದು. ಫಾಸ್‌ಬಿಂಡರ್ ಮುಂದಕ್ಕೆ ಹೋಗುತ್ತಾನೆ. ಊರಿಗೆ ಎಮ್ಮಿಯಿಂದ ಕೆಲಸ ಬೇಕಾದಾಗ ಊರು ಮತ್ತೆ ಹತ್ತಿರವಾಗುತ್ತದೆ. ಆಗ ಎಮ್ಮಿ ತಾನೇ ಬದಲಾಗುತ್ತಾಳೆ. ಜೊತೆಯ ಕೆಲಸದವರು ಅಲಿಯ ತೋಳು ಮುಟ್ಟಿ ನೋಡುವಾಗ ಹೆಮ್ಮೆಯಿಂದ ನಿಲ್ಲುತ್ತಾಳೆ. ಅವನು ತನ್ನ ಊರಿನ ಊಟ ಕುಸ್‌ಕುಸ್ ಮಾಡಿಕೊಡು ಎಂದರೆ, ಇಲ್ಲಿಯ ಊಟ ರೂಢಿ ಮಾಡಿಕೋ ಎನ್ನುತ್ತಾಳೆ. ಬಾಗಿಲು ತೆರೆದ ಕೈಯೇ ಅದನ್ನು ಅರ್ಧ ಮುಚ್ಚುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಚಿತ್ರ ನಾನು ನೋಡಿಲ್ಲ. ಘಟಶ್ರಾದ್ಧ ಎದೆಯನ್ನು ಒಡೆಯುತ್ತದೆ. ಇದು ನಮ್ಮ ಮನೆಗೇ ಬಂದು ಕೂತು ನಮ್ಮನ್ನು ನೋಡುತ್ತದೆ. ಎರಡರಲ್ಲಿ ಒಂದನ್ನೇ ನೋಡಲು ಆಗುವುದಾದರೆ, ಮದುವೆಯಾಗಿ ಬಂದ ಸೊಸೆ ಇರುವ ಮನೆಯವರು, ಹೊರಗಿನಿಂದ ಬಂದವರನ್ನು ಕೆಲಸಕ್ಕಿಟ್ಟುಕೊಂಡವರು ಇದನ್ನು ನೋಡಲಿ.

ನಾನು ಇದನ್ನು ಮೊದಲು ನೋಡಿದ್ದು ಅಜ್ಜಿಯ ಜೊತೆ, ಸಿ.ಡಿ. ಹಾಕಿ, ಆಗಸ್ಟ್‌ನ ಒಂದು ಸಂಜೆ. ಆ ಹೊತ್ತಿಗೆ ನಾನು ಅವರ ಒಲೆಯ ಪಕ್ಕದವನಾಗಿ ಆರು ವರ್ಷ ಕಳೆದಿತ್ತು. ಅಡಿಬರಹವನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳುತ್ತ ಹೋದೆ. ಕುಸ್‌ಕುಸ್ ಎಂದರೇನೆಂದು ಅವರು ಕೇಳಿದರು. ಅವನ ಊರಿನ ಊಟ, ರವೆಯ ಹಾಗಿರುತ್ತದೆ ಎಂದೆ. ಅವರು ಮತ್ತೇನೂ ಕೇಳಲಿಲ್ಲ. ಚಿತ್ರ ಮುಗಿದ ಮೇಲೆ ಎದ್ದು ಬಚ್ಚಲೊಲೆಗೆ ಕಟ್ಟಿಗೆ ದೂಡಿ ಮಲಗಲು ಹೋದರು. ಎರಡು ದಿನ ಬಿಟ್ಟು ನಾನು ಶಿವಮೊಗ್ಗಕ್ಕೆ ಹೊರಟಾಗ ಜಗಲಿಯವರೆಗೆ ಬಂದು, "ಮೇಷ್ಟ್ರೇ, ಗಾಂಧಿ ಬಜಾರಿನಲ್ಲಿ ಜೋಳದ ಹಿಟ್ಟು ಸಿಗುತ್ತದೆಯಾ? ಸಿಕ್ಕರೆ ಎರಡು ಸೇರು ತನ್ನಿ" ಎಂದರು. ಆ ರಾತ್ರಿ ಅವರು ತಟ್ಟಿದ ಮೊದಲ ರೊಟ್ಟಿ ಹರಿಯಿತು. ಎರಡನೆಯದೂ ಹರಿಯಿತು. ನೀರು ಕುದಿಸಿ ಹಿಟ್ಟಿಗೆ ಹಾಕಬೇಕು ಅಜ್ಜಿ ಎಂದು ನಾನು ಪಕ್ಕದಲ್ಲಿ ಕೂತು ಮೂರನೆಯದನ್ನು ತಟ್ಟಿದೆ.